ನಷ್ಟದಲ್ಲಿರುವ ವಿಮಾನ ಕಂಪನಿಯ ಟಿಕೆಟ್ ಈಗಲೇ ತೆಗೆಯಬಹುದಾ?

ಕೇಳಿದವರು, ಕಟಪಾಡಿ:
ಏಪ್ರಿಲ್‌ನಲ್ಲಿ ತಂಗಿಯ ಮದುವೆ ಉಂಟು. ದುಬೈಯಿಂದ ಅಣ್ಣ, ಅತ್ತಿಗೆ, ಮಕ್ಕಳು ಮಂಗಳೂರಿಗೆ ಬರಬೇಕು. ಒಂದು ಕಂಪನಿಯ ಟಿಕೆಟ್ ಉಳಿದವರಿಗಿಂತ ತುಂಬಾ ಅಗ್ಗ ಇದೆ. ಆದರೆ ಅವರದ್ದು ನಷ್ಟ, ಸಾಲ ಅಂತ ಪೇಪರಿನಲ್ಲಿ ದಿನಾ ಬರುತ್ತದೆ. ಹೊಸ ಬಂಡವಾಳ ತರುತ್ತೇವೆ, ಖರ್ಚು ಇಳಿಸುತ್ತೇವೆ, ಬೇಗ ಲಾಭಕ್ಕೆ ಬರುತ್ತೇವೆ ಅಂತ ಅವರು ಹೇಳುತ್ತಾರೆ. ನಂಬಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕಂಕನಾಡಿಯಿಂದ:
ತೆಗೆಯುವುದಾದರೆ ಕ್ರೆಡಿಟ್ ಕಾರ್ಡಿನಲ್ಲೇ ತೆಗೆಯಿರಿ. ನಮ್ಮ ಮನೆಯವರ ಟಿಕೆಟ್ ಇದ್ದ ಕಂಪನಿ (ಹೆಸರು ಬೇಡ) ಇದ್ದಕ್ಕಿದ್ದ ಹಾಗೆ ಹಾರಾಟ ನಿಲ್ಲಿಸಿತ್ತು. ಕಾರ್ಡಿನಲ್ಲಿ ಕಟ್ಟಿದ್ದಕ್ಕೆ ಬ್ಯಾಂಕಿಗೆ ದೂರು ಕೊಟ್ಟೆವು, ಸ್ವಲ್ಪ ತಡವಾದರೂ ಹಣ ಬಂತು. ಏಜೆಂಟಿಗೆ ನಗದು ಕೊಟ್ಟಿದ್ದ ಚಿಕ್ಕಪ್ಪನ ಹಣ ಇನ್ನೂ ಬಂದಿಲ್ಲ.

ಸುರತ್ಕಲ್‌ನಿಂದ:
ನಾನು ಮೊದಲು ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಲ್ಲಿ ಒಂದು ವಿಮಾನ ಕಂಪನಿಯ ಲೆಕ್ಕದ ಕೆಲಸದಲ್ಲಿದ್ದವ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಲಾಭಕ್ಕೆ ಬರುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಬಿಡಿ. ಇಂಧನ ಕೊಡುವವರು ಸಾಲಕ್ಕೆ ಕೊಡುತ್ತಿದ್ದಾರಾ, ಪೈಲಟ್‌ಗಳಿಗೆ ಸಂಬಳ ಸರಿಯಾಗಿ ಆಗುತ್ತಿದೆಯಾ, ಬಾಡಿಗೆಗೆ ವಿಮಾನ ಕೊಟ್ಟವರು ವಾಪಸ್ ಕೇಳುತ್ತಿದ್ದಾರಾ, ಈ ಮೂರು ಸುದ್ದಿ ಮಾತ್ರ ನೋಡಿ. ನಮ್ಮ ಬಂಟ್ವಾಳ ಮೂಲದ ಮಲ್ಯರ ಕಿಂಗ್‌ಫಿಷರ್ 2005ರಲ್ಲಿ ಶುರುವಾಗಿ 2012ರ ಅಕ್ಟೋಬರ್‌ನಲ್ಲಿ ನಿಂತಿತು. ನಡುವೆ ಒಂದು ವರ್ಷವೂ ಲಾಭ ಕಾಣಲಿಲ್ಲ. ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಕೊಂಡು, ಐಷಾರಾಮದ ವಿಮಾನವನ್ನೂ ಅಗ್ಗದ ವಿಮಾನವನ್ನೂ ಒಟ್ಟಿಗೆ ನಡೆಸಲು ಹೋದರು. ಎರಡೂ ಕೈಗೆ ಹತ್ತಲಿಲ್ಲ. ನಿಲ್ಲುವುದಕ್ಕೆ ತುಂಬಾ ಮೊದಲೇ ತೈಲ ಕಂಪನಿಗಳು ನಗದು ಕೊಟ್ಟರೆ ಮಾತ್ರ ಇಂಧನ ಅಂದಿದ್ದವು, ಸಂಬಳ ತಿಂಗಳುಗಟ್ಟಲೆ ಬಾಕಿ ಇತ್ತು. ಜೆಟ್ ಏರ್‌ವೇಸ್‌ದೂ ಅದೇ ಕಥೆ. 2019ರ ಏಪ್ರಿಲ್ 17ಕ್ಕೆ ಕೊನೆಯ ವಿಮಾನ ಹಾರುವ ಹೊತ್ತಿಗೆ ನೂರಕ್ಕೂ ಜಾಸ್ತಿ ಇದ್ದ ವಿಮಾನಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದವು.

ಗೋ ಫಸ್ಟ್ ಮಾತ್ರ ಬೇರೆ. ಎಂಜಿನ್ ಸಿಗದೆ ಅರ್ಧದಷ್ಟು ವಿಮಾನ ನೆಲದಲ್ಲೇ ನಿಂತಿವೆ ಅಂತ ಹೇಳಿ 2023ರ ಮೇ 2ಕ್ಕೆ ತಾನೇ ದಿವಾಳಿ ಅರ್ಜಿ ಹಾಕಿತು. ಮರುದಿನದಿಂದ ಹಾರಾಟ ಬಂದ್! ಒಮ್ಮೆ ಆ ಹಂತಕ್ಕೆ ಹೋದರೆ ನಮ್ಮ ಟಿಕೆಟ್ ಹಣಕ್ಕೂ ಕ್ಲೇಮ್ ಫಾರಂ ತುಂಬಿಸಿ ಕಾಯಬೇಕು, ಅಷ್ಟೆ.

ಹಾಗಂತ ನಷ್ಟದಲ್ಲಿದ್ದವರೆಲ್ಲ ಮುಳುಗುವುದಿಲ್ಲ. 2014ರ ಡಿಸೆಂಬರ್‌ನಲ್ಲಿ ಇಂಧನ ಸಿಗದೆ ಸ್ಪೈಸ್‌ಜೆಟ್ ವಿಮಾನಗಳು ಕೆಲವು ಗಂಟೆ ನಿಂತೇ ಹೋಗಿದ್ದವು. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಅಜಯ್ ಸಿಂಗ್ ವಾಪಸ್ ಬಂದರು, ನಷ್ಟದ ಹಾರಾಟ ಕಡಿದರು, ಕೆಲವೇ ತಿಂಗಳಲ್ಲಿ ಲಾಭ ತೋರಿಸಿದರು. ಜಾಣತನ ಇತ್ತು ನಿಜ. ಆದರೆ ಆಗ ಕಚ್ಚಾತೈಲದ ಬೆಲೆಯೂ ಸರಿಸುಮಾರು ಅರ್ಧಕ್ಕೆ ಬಿದ್ದಿತ್ತು, ಅದನ್ನು ಯಾರೂ ಹೇಳುವುದಿಲ್ಲ. ಏರ್ ಇಂಡಿಯಾವನ್ನೇ ನೋಡಿ, 2022ರ ಜನವರಿಯಲ್ಲಿ ಟಾಟಾದವರ ಕೈಗೆ ಬಂದ ಮೇಲೆ 2022-23ರಲ್ಲಿ ಹನ್ನೊಂದು ಸಾವಿರ ಕೋಟಿ ದಾಟಿದ್ದ ನಷ್ಟ ಮರುವರ್ಷ 4,444 ಕೋಟಿಗೆ ಇಳಿಯಿತು. ಆಗಲೂ ನಷ್ಟವೇ, ಆದರೆ ಹಿಂದೆ ಹಣ ಹಾಕುವ ಗಟ್ಟಿ ಕುಳ ಇದ್ದರೆ ಟಿಕೆಟ್ ತೆಗೆಯುವವನಿಗೆ ಆ ಲೆಕ್ಕದ ಹೆದರಿಕೆ ಬೇಡ.

ನನ್ನ ನಿಜವಾದ ಹೆದರಿಕೆ ಬೇರೆ. ಕಂಪನಿ ಉಳಿಯಬಹುದು ಮಾರಾಯ್ರೆ, ನಿಮ್ಮ ವಿಮಾನ ಉಳಿಯುತ್ತದಾ? ಲಾಭಕ್ಕೆ ಬರುವ ಯೋಜನೆ ಅಂದರೆ ಏನು? ಇರುವ ಕೆಲವೇ ವಿಮಾನಗಳನ್ನು ಜಾಸ್ತಿ ದುಡಿಯುವ ಕಡೆಗೆ ಹಾಕುವುದು. ಎಂಆರ್‌ಪಿಎಲ್ ಅನ್ನುವ ತೈಲ ಶುದ್ಧೀಕರಣ ಕಾರ್ಖಾನೆ ಇಲ್ಲೇ ಪಕ್ಕದಲ್ಲಿದ್ದು ವಿಮಾನದ ಇಂಧನ ತಯಾರಿಸಿದರೂ ಬಜ್ಪೆಯಲ್ಲಿ ಅದೇನೂ ಅಗ್ಗಕ್ಕೆ ಸಿಗುವುದಿಲ್ಲ, ದರ ಅಂತರರಾಷ್ಟ್ರೀಯ ಬೆಲೆ ನೋಡಿ ಇಡುತ್ತಾರೆ. ವಿಮಾನದ ಬಾಡಿಗೆ ಡಾಲರಿನಲ್ಲಿ. ರೂಪಾಯಿ ಬಿದ್ದರೆ ಸೀಟು ತುಂಬಿದರೂ ಕೈಯಿಂದ ಹೋಗುತ್ತದೆ. ಆಗ ಮುಂಬೈ, ದೆಹಲಿ ಹಾರಾಟ ಉಳಿಸಿಕೊಂಡು ಮಂಗಳೂರಿನಂಥ ಊರಿನದ್ದಕ್ಕೆ ಮೊದಲು ಕತ್ತರಿ ಹಾಕುತ್ತಾರೆ. ಅವರ ಲೆಕ್ಕದಲ್ಲಿ ಅದು ಸರಿಯೇ, ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಮದುವೆ ಮನೆಯವರಿಗೆ ಮಾತ್ರ ತಲೆನೋವು.

ನಿಮ್ಮದು ಏಪ್ರಿಲ್ ಅಂದಿರಲ್ವಾ? ಮಾರ್ಚ್ ಕೊನೆಯ ಭಾನುವಾರದಿಂದ ಬೇಸಿಗೆ ವೇಳಾಪಟ್ಟಿ ಶುರು. ಅದು ಅಂತಿಮ ಆಗುವ ಮೊದಲೇ ಟಿಕೆಟ್ ಮಾರುವುದುಂಟು, ಆಮೇಲೆ ಆ ಹಾರಾಟವೇ ಪಟ್ಟಿಯಲ್ಲಿ ಇರುವುದಿಲ್ಲ. ಅದೇ ನಂಬರಿನ ವಿಮಾನ ಕಳೆದ ಕೆಲವು ವಾರ ಎಷ್ಟು ಸಲ ರದ್ದಾಯಿತು ಅಂತ ವಿಮಾನದ ಜಾಡು ತೋರಿಸುವ ಆ್ಯಪ್‌ನಲ್ಲಿ ಸಿಗುತ್ತದೆ, ನೋಡಿ. ಸಮಯ ಬದಲಾಗಿದೆ ಅಂತ ಮತ್ತೆ ಮತ್ತೆ ಮೆಸೇಜ್ ಬಂದರೆ ಎರಡು ವಿಮಾನ ಸೇರಿಸಿ ಒಂದು ಮಾಡುತ್ತಿದ್ದಾರೆ ಅಂತಲೇ ಎಣಿಸಿಕೊಳ್ಳಿ.

ಕುಂದಾಪುರದಿಂದ:
ಸುರತ್ಕಲ್‌ನವರು ಹೇಳಿದ್ದು ಸರಿ. ನಾವು ಮಂಗಳೂರಿಗೇ ಅಂತ ಹಟ ಮಾಡುವುದನ್ನು ಬಿಟ್ಟಿದ್ದೇವೆ. ನೇರ ವಿಮಾನ ರದ್ದಾದರೆ ಬೆಂಗಳೂರಿಗೆ ಬಂದು ರಾತ್ರಿ ಬಸ್, ಇಲ್ಲದಿದ್ದರೆ ಮುಂಬೈಗೆ ಬಂದು ಮತ್ಸ್ಯಗಂಧ. ರೈಲು ಉಡುಪಿಯಲ್ಲೇ ನಿಲ್ಲುತ್ತದೆ, ಆದರೆ ಏಪ್ರಿಲ್ ರಜೆಯಲ್ಲಿ ಬರ್ತ್ ಸಿಗುವುದು ಕಷ್ಟ. ಮದುವೆಗೆ ಒಂದು ವಾರ ಮೊದಲೇ ಬಂದು ತಲುಪುವ ಹಾಗೆ ನೋಡಿಕೊಳ್ಳಿ.

ಮೂಡುಬಿದಿರೆಯಿಂದ:
ನನಗೆ ಇಷ್ಟೆಲ್ಲ ಹೆದರಬೇಕು ಅಂತ ಅನಿಸುವುದಿಲ್ಲ. ಒಬ್ಬನೇ ಬರುವುದಾದರೆ ಅಗ್ಗದ್ದೇ ತೆಗೆಯಿರಿ, ನಾನು ಯಾವಾಗಲೂ ಹಾಗೇ ಬರುವುದು. ಮಕ್ಕಳು ಇದ್ದಾರೆ ಅಂದರೆ ಮಾತ್ರ ಸ್ವಲ್ಪ ಜಾಸ್ತಿ ಕೊಟ್ಟರೂ ಗಟ್ಟಿ ಕಂಪನಿಯೇ ಆಗಬಹುದು. ಇನ್ನೊಂದು, ಅವರಾಗಿ ರದ್ದು ಮಾಡಿದರೆ ಹಣವೇ ವಾಪಸ್ ಕೇಳಿ. ಮುಂದಿನ ಟಿಕೆಟಿಗೆ ಜಮಾ ಇಡುತ್ತೇವೆ ಅಂತಾರೆ, ಅದನ್ನು ಒಪ್ಪುವುದು ಬಿಡುವುದು ನಮ್ಮ ಇಷ್ಟ, ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಹಾಗೇ ಉಂಟು. ಹೇಗೂ ಅಲ್ಲಾಡುತ್ತಿರುವ ಕಂಪನಿಯಲ್ಲಿ ಜಮಾ ಇಟ್ಟು ಎಂತ ಮಾಡುವುದು?

ಕೇಳಿದವರು, ಕಟಪಾಡಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಅಣ್ಣನಿಗೆ ಕಳಿಸಿದ್ದೇನೆ. ಬೇಸಿಗೆ ವೇಳಾಪಟ್ಟಿಯ ವಿಷಯ ಅವನಿಗೂ ಗೊತ್ತಿರಲಿಲ್ಲವಂತೆ, ಅಗ್ಗದ್ದು ಬೇಡ ಅಂದ. ಅತ್ತಿಗೆ ಕೇಳುವುದು ಒಂದೇ, ಜಾಸ್ತಿ ಹಣ ಕೊಟ್ಟರೆ ಲಗೇಜ್ ಎಷ್ಟು ಕಿಲೋ ಬಿಡುತ್ತಾರೆ ಅಂತ. ಅದು ಯಾರಿಗಾದರೂ ಗೊತ್ತಾ?