ಪದಚರ್ಚೆ: ಸೇನೆಯ ‘ಡಿಸ್ಚಾರ್ಜ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸೇನೆಯಲ್ಲಿ ಲೈಂಗಿಕ ಅಪರಾಧದ ಆರೋಪ ಹೊತ್ತವರ ವಿಚಾರಣೆ ಹೇಗೆ ನಡೆಯುತ್ತದೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ‘ಡಿಸ್‌ಹಾನರಬಲ್ ಡಿಸ್ಚಾರ್ಜ್’, ಅಂದರೆ ಶಿಕ್ಷೆಯಾಗಿ ಕಳಂಕ ಹೊರಿಸಿ ಸೇನೆಯಿಂದ ಹೊರಹಾಕುವುದು, ಬಂದ ಕಡೆ ತಡವರಿಸುತ್ತಿದ್ದೇನೆ.

ಅಲ್ಲಿನ ಸೇನಾ ನ್ಯಾಯ ಸಂಹಿತೆಯ 120ನೇ ವಿಧಿಯಡಿ ಅತ್ಯಾಚಾರ ಸಾಬೀತಾದರೆ ಜೀವಾವಧಿಯವರೆಗೂ ಜೈಲಾಗಬಹುದು. ಜೊತೆಗೆ ಸಾಮಾನ್ಯ ಸೈನಿಕನಿಗೆ ಈ ಡಿಸ್ಚಾರ್ಜ್ ಕಡ್ಡಾಯ. ಮಾಜಿ ಸೈನಿಕರ ಸವಲತ್ತುಗಳು ಬಹುತೇಕ ಕೈತಪ್ಪುತ್ತವೆ, ಬಂದೂಕು ಇಟ್ಟುಕೊಳ್ಳುವಂತಿಲ್ಲ. ಇಷ್ಟು ದೊಡ್ಡ ಶಿಕ್ಷೆಗೆ ‘ಬಿಡುಗಡೆ’ ಅನ್ನುವುದು ಹೇಗೆ? ‘ಸೈನಿಕನಿಗೆ ಅಪಮಾನಕರ ಬಿಡುಗಡೆ’ ಅಂತ ತಲೆಬರಹ ಕೊಟ್ಟರೆ, ಆಸಾಮಿ ಜೈಲಿಂದ ಹೊರಬಂದ, ಗೇಟಿನ ಹತ್ತಿರ ಜನ ಉಗಿದರು ಅಂದುಕೊಂಡಾರು.

ನಮ್ಮ ಕೋರ್ಟುಗಳ ಡಿಸ್ಚಾರ್ಜ್ ಬೇರೆ ಇದೆಯಲ್ಲ, ಅದು ಇನ್ನೂ ತೊಡಕು. ವಿಚಾರಣೆ ನಡೆಸುವಷ್ಟು ಆಧಾರವಿಲ್ಲ ಅಂತ ಆರೋಪಿಯನ್ನು ಕೈಬಿಡುವುದು ಅದು. ಪತ್ರಿಕೆಗಳು ‘ಆರೋಪಮುಕ್ತ’ ಅನ್ನುತ್ತವೆ. ಅಲ್ಲಿ ಶಿಕ್ಷೆ, ಇಲ್ಲಿ ಪಾರು.

‘ವಜಾ’ ಗಟ್ಟಿ ಪದ, ನನಗೂ ಇಷ್ಟ. ಆದರೆ ಅಲ್ಲಿ ಅಧಿಕಾರಿಗಳಿಗೆ ಇದೇ ಜಾಗದಲ್ಲಿ ಕೊಡುವ ಶಿಕ್ಷೆ ‘ಡಿಸ್ಮಿಸಲ್’. ವಜಾ ಅದಕ್ಕೆ ಸಲ್ಲಬೇಕು, ಅಲ್ವಾ? ಮೇಲಾಗಿ ಕೇಸೂ ವಜಾ ಆಗುತ್ತದೆ. ‘ಆರೋಪ ವಜಾ’, ‘ಆರೋಪಿ ವಜಾ’. ಒಂದು ಗುಡಿಸು ಬಿಟ್ಟುಹೋದರೆ ತೀರ್ಪೇ ತಲೆಕೆಳಗು!

ಆರೋಪಿಯ ಪರ ವಕೀಲರು ಹಿಡಿಯುವ ಒಂದು ದಾರಿಯೂ ಇದೆ. ಕೋರ್ಟ್ ಮಾರ್ಷಲ್ (ಸೇನಾ ನ್ಯಾಯಾಲಯದ ವಿಚಾರಣೆ) ಬೇಡ, ಅದರ ಬದಲು ಸೇನೆ ಬಿಟ್ಟು ಹೋಗುತ್ತೇನೆ ಅಂತ ಆರೋಪಿ ತಾನೇ ಅರ್ಜಿ ಹಾಕಬಹುದು. ಒಪ್ಪಿಗೆ ಸಿಕ್ಕರೆ ಅದೂ ಡಿಸ್ಚಾರ್ಜೇ, ಹೆಚ್ಚಾಗಿ ಕೀಳು ದರ್ಜೆಯದು. ಆದರೆ ಅಪರಾಧಿ ಅಂತ ತೀರ್ಪಾಗಿರುವುದಿಲ್ಲ. ಎರಡಕ್ಕೂ ಒಂದೇ ಪದ ಹಾಕಿದರೆ ತೀರ್ಪೇ ಇಲ್ಲದವನ ಮೇಲೂ ಶಿಕ್ಷೆಯ ಮುದ್ರೆ ಬೀಳುತ್ತದೆ.

ಅಂದಹಾಗೆ ‘ಕೋರ್ಟ್ ಮಾರ್ಷಲ್ ಆಯ್ತು’ ಅಂದರೆ ಶಿಕ್ಷೆ ಆಯ್ತು ಅಂತಲೇ ಜಾಸ್ತಿ ಜನರ ಎಣಿಕೆ. ಅದು ವಿಚಾರಣೆ ಅಷ್ಟೇ. ತೀರ್ಪು ಕೊಡುವ ಸೇನಾ ಸದಸ್ಯರ ಮಂಡಳಿಯ ಮುಂದೆ ಅದು ನಡೆದರೆ, ಆ ಸದಸ್ಯರಲ್ಲಿ ಮುಕ್ಕಾಲು ಪಾಲು ಒಪ್ಪಿದರೆ ಮಾತ್ರ ಅಪರಾಧಿ. ಇಲ್ಲದಿದ್ದರೆ ಖುಲಾಸೆ.

ಸದ್ಯಕ್ಕೆ ಶಿಕ್ಷೆಗೆ ‘ಕಳಂಕದ ಉಚ್ಚಾಟನೆ’ ಅಂತಲೂ, ಕೇಳಿ ಪಡೆದದ್ದಕ್ಕೆ ‘ಸೇವಾಮುಕ್ತಿ’ ಅಂತಲೂ ಬರೆದಿಟ್ಟಿದ್ದೇನೆ. ಮೊದಲನೆಯದು ಪಕ್ಷದಿಂದ ಶಾಸಕರನ್ನು ಓಡಿಸಿದ ಹಾಗೆ ಕೇಳಿಸುತ್ತದೆ, ಎರಡನೆಯದು ಏನೋ ಪುಣ್ಯ ಮಾಡಿದವನ ಹಾಗೆ. ಸೇನೆಯಲ್ಲಿದ್ದವರು, ಕೋರ್ಟ್ ವರದಿ ಮಾಡುವವರು ಇಲ್ಲಿದ್ದೀರಿ. ಮಾತಾಡುವಾಗ ನೀವು ಈ ಎರಡನ್ನು ಏನಂತ ಕರೆಯುತ್ತೀರಿ?