ಫ್ರಿಡ್ಜ್ ಕೆಳಗೆ ನೀರು ನಿಲ್ತಾ ಇದೆ, ಗ್ಯಾಸ್ ತುಂಬಿಸ್ಬೇಕಾ?

ಶಿರಾಗೇಟ್_ಮನೆ:
ಎಲ್ರಿಗೂ ನಮಸ್ಕಾರ, ನಾವಿರೋದು ತುಮಕೂರು ಶಿರಾಗೇಟ್ ಹತ್ರ. ಡಬಲ್ ಡೋರ್ ಫ್ರಿಡ್ಜು, ಫ್ರಾಸ್ಟ್ ಫ್ರೀ, ಅಂದ್ರೆ ಐಸ್ ತಾನಾಗೇ ಕರಗೋ ಥರದ್ದು. ಬೆಳಗ್ಗೆ ಎದ್ದು ಅಡುಗೆಮನೆಗೆ ಕಾಲಿಟ್ರೆ ನೆಲ ಪಚಪಚ ಅನ್ನುತ್ತೆ, ತರಕಾರಿ ಡಬ್ಬ ಎಳೆದ್ರೆ ಅದರಡೀಲೂ ನೀರು, ಕೊತ್ತಂಬರಿ ಸೊಪ್ಪೆಲ್ಲಾ ಕೊಳೆತು ಹೋಗ್ತಿದೆ. ಕೂಲಿಂಗ್ ಮಾತ್ರ ಚೆನ್ನಾಗೇ ಇದೆ. ರಿಪೇರಿಯವ್ರು ಗ್ಯಾಸ್ ಲೀಕು ತುಂಬಿಸ್ಬೇಕು ಅಂದ್ರು, ಅಮ್ಮ ಬೋರ್‌ವೆಲ್ ಉಪ್ಪುನೀರಿಂದ ಪೈಪ್ ಕಟ್ಕೊಂಡಿದೆ ಅಂತಾರೆ. ಯಾರ ಮಾತು ಕೇಳ್ಲಿ?

ಗುಬ್ಬಿ_ಕಡೆಯವ:
ಗ್ಯಾಸ್ ಹೋದ್ರೆ ತಂಪಾಗಲ್ಲ ಸಾರ್, ನೀರು ಬರೋದಕ್ಕೂ ಅದಕ್ಕೂ ಏನ್ ಸಂಬಂಧ. ದುಡ್ಡು ಕೊಡ್ಬೇಡಿ.

ತಿಪಟೂರು_ರಿಪೇರಿ:
ಅಮ್ಮಾವ್ರು ಹೇಳಿದ್ದು ಅರ್ಧ ಸರಿ, ಪೈಪೇನೋ ಕಟ್ಕೊಂಡಿರ್ಬೋದು, ಆದ್ರೆ ಬೋರ್ ನೀರಿಂದಲ್ಲ. ಬಾಗ್ಲು ತೆಗೆದಾಗೆಲ್ಲಾ ಒಳಗೆ ಹೋಗೋ ಗಾಳೀಲಿರೋ ತೇವ ಫ್ರೀಜರ್ ಹಿಂದೆ ಗ್ಯಾಸ್ ಓಡೋ ಪೈಪಿನ ಸುರುಳಿ, ಅಂದ್ರೆ ಕಾಯಿಲ್ ಮೇಲೆ ಐಸ್ ಆಗಿ ಕೂರ್ತದೆ, ಆಗಾಗ ಹೀಟರ್ ಆನ್ ಆಗಿ ಅದನ್ನ ಕರಗಿಸ್ತದೆ, ಕರಗಿದ ನೀರು ಒಂದು ಸಣ್ಣ ತೂತಿಂದ ಪೈಪಲ್ಲಿ ಇಳಿದು ಹಿಂದೆ ಕಂಪ್ರೆಸರ್ ಹತ್ರ ಇರೋ ಟ್ರೇಗೆ ಬೀಳ್ತದೆ, ಅಲ್ಲಿ ಆ ಬಿಸಿಗೇ ಆರೋಗ್ತದೆ. ಆ ತೂತು ಐಸಿಂದಲೋ ಕಸದಿಂದಲೋ ಮುಚ್ಚೋದ್ರೆ ನೀರು ಒಳಗೇ ಹರಿದು ತರಕಾರಿ ಡಬ್ಬದಡಿ ಸೇರ್ಕೊಂಡು ಬಾಗ್ಲಿಂದ ಹೊರಗ್ ಬರ್ತದೆ. ಫ್ರೀಜರ್ ತಳದಲ್ಲಿ ಐಸ್ ಹಾಳೆ ಥರ ಕೂತಿದ್ಯಾ ನೋಡಿ.

ಪಾವಗಡ_ಬಿಸ್ಲು:
ನಮ್ದು ಸಿಂಗಲ್ ಡೋರು, ಕರೆಂಟ್ ಹೋಗಿ ಸುಮಾರು ಹೊತ್ತು ಬರ್ದೇ ಇದ್ರೆ ಐಸೆಲ್ಲಾ ಒಟ್ಟಿಗೇ ಕರಗಿ ನೆಲಕ್ಕೆ ಸುರೀತೈತೆ. ಅದೂ ಇದೇನಾ?

ತಿಪಟೂರು_ರಿಪೇರಿ:
ನಿಮ್ದು ಬೇರೆ. ಸಿಂಗಲ್ ಡೋರಲ್ಲಿ ಐಸ್ ದಪ್ಪ ಆಗೋಕೆ ಬಿಡ್ಬೇಡಿ, ಆಗಾಗ ಡಿಫ್ರಾಸ್ಟ್ ಬಟನ್ ಒತ್ತಿ. ಹಿಂದಿನ ಟ್ರೇ ಸೀಳಿದ್ಯಾ ಅಂತಾನೂ ನೋಡಿ.

ಶಿರಾಗೇಟ್_ಮನೆ:
ಹೌದು ಸಾರ್, ಬಟಾಣಿ ಪ್ಯಾಕೆಟ್ ತೆಗೆದ್ರೆ ಅದರಡಿ ಗಾಜಿನ ಥರ ಐಸು! ಚಾಕುವಲ್ಲಿ ಎಬ್ಬಿಸ್ಲಾ?

ತಿಪಟೂರು_ರಿಪೇರಿ:
ಅಯ್ಯೋ ಚಾಕು ಗೀಕು ಬೇಡ! ಕಾಯಿಲ್‌ಗೆ ತಾಗಿದ್ರೆ ಅವಾಗ ನಿಜ್ವಾಗ್ಲೂ ಗ್ಯಾಸ್ ಲೀಕು, ಈಗಿನ ಫ್ರಿಡ್ಜಲ್ಲಿ ಜಾಸ್ತಿ ಇರೋದು ಆರ್600ಎ, ಬೆಂಕಿ ಹತ್ಕೊಳ್ಳೋ ಗ್ಯಾಸು. ಪ್ಲಗ್ ಕಿತ್ತು, ಸಾಮಾನೆಲ್ಲಾ ತೆಗೆದು, ಕೆಳಗೆ ಹಳೇ ಬಟ್ಟೆ ಹಾಸಿ ರಾತ್ರಿಯೆಲ್ಲಾ ಬಾಗ್ಲು ತೆಗೆದಿಡಿ. ತೂತು ಕಣ್ಣಿಗೆ ಕಂಡ್ರೆ ಸೂಜಿ ತೆಗೆದ ಸಿರಿಂಜಲ್ಲಿ ಉಗುರುಬೆಚ್ಚಗಿನ ನೀರು ಬಿಡಿ, ಹಿಂದಿನ ಟ್ರೇಗೆ ತೊಟ್ಟಿಕ್ಕಿದ್ರೆ ದಾರಿ ಬಿಟ್ಕೊಂತು ಅಂತ. ಎಷ್ಟೋ ಮಾಡೆಲಲ್ಲಿ ತೂತು ಪ್ಯಾನೆಲ್ ಹಿಂದೆ ಇರ್ತದೆ, ಬಿಚ್ಚೋಕೆ ಬರ್ದಿದ್ರೆ ಮೆಕ್ಯಾನಿಕ್ಕನ್ನೇ ಕರೀರಿ, ಆದ್ರೆ ಡ್ರೈನ್ ಕ್ಲೀನ್ ಮಾಡ್ಕೊಡಿ ಅಂತ ನೀವೇ ಹೇಳಿ, ಇಲ್ದಿದ್ರೆ ಮತ್ತೆ ಗ್ಯಾಸ್ ಕಥೆ ಶುರು.

ಗುಬ್ಬಿ_ಕಡೆಯವ:
ಬಾಗ್ಲಿನ ರಬ್ಬರ್ರೂ ನೋಡಿ, ಒಂದು ಹಾಳೆ ಸಿಕ್ಸಿ ಬಾಗ್ಲು ಹಾಕಿ ಎಳೀರಿ, ಸಲೀಸಾಗಿ ಬಂದ್ರೆ ರಬ್ಬರ್ ಸಡಿಲ, ತೇವ ಜಾಸ್ತಿ ಒಳಗ್ ಹೋಗುತ್ತೆ.

ಶಿರಾಗೇಟ್_ಮನೆ:
ಸರಿ, ಇವತ್ತು ರಾತ್ರಿ ಆಫ್ ಮಾಡ್ತೀನಿ. ಕ್ಲೀನ್ ಮಾಡಿದ್ಮೇಲೂ ಮತ್ತೆ ಐಸ್ ಕಟ್ಟಿದ್ರೆ?

ತಿಪಟೂರು_ರಿಪೇರಿ:
ಒಂದೆರಡು ವಾರದಲ್ಲೇ ತಿರ್ಗಾ ಕಟ್ಟಿದ್ರೆ ಡಿಫ್ರಾಸ್ಟ್ ಹೀಟರ್, ಸೆನ್ಸರ್ ಚೆಕ್ ಮಾಡಿಸ್ಬೇಕು. ಅದು ಮನೇಲಿ ಮಾಡೋ ಕೆಲ್ಸ ಅಲ್ಲ, ಮೀಟರ್ ಹಿಡಿದು ನೋಡೋರನ್ನೇ ಕರೀರಿ.