ಬಟುಮಿ ಫೈನಲ್‌ನಲ್ಲಿ ಹಂಪಿ ಸೋತದ್ದೆಲ್ಲಿ?

ಪ್ರಶ್ನೆ: 2025ರ ಜುಲೈನಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ನಡೆದ ಮಹಿಳಾ ಚದುರಂಗ ವಿಶ್ವಕಪ್ ಫೈನಲ್‌ನಲ್ಲಿ ಎರಡೂ ಕ್ಲಾಸಿಕಲ್ (ದೀರ್ಘ ಸಮಯದ) ಆಟಗಳನ್ನು ಡ್ರಾ ಮಾಡಿಕೊಂಡ ಕೊನೇರು ಹಂಪಿಯವರು, ಸಮಬಲ ಮುರಿಯುವ ವೇಗದ ಆಟಗಳ ಟೈಬ್ರೇಕ್‌ನಲ್ಲಿ ದಿವ್ಯಾ ದೇಶಮುಖ್ ಅವರಿಗೆ ಸೋತದ್ದೇಕೆ? ವೇಗದ ಆಟ ಅವರಿಗೆ ಒಗ್ಗುವುದಿಲ್ಲವೇ?

ಉತ್ತರ: ಹಾಗೆನ್ನಲಾಗದು. 2019 ಮತ್ತು 2024ರಲ್ಲಿ ವಿಶ್ವ ರ‍್ಯಾಪಿಡ್ (ಕಡಿಮೆ ಸಮಯದ ವೇಗದ ಆಟ) ಪ್ರಶಸ್ತಿ ಗೆದ್ದವರು ಅವರೇ.

ಉತ್ತರ: ಗಡಿಯಾರವೇ ಕಾರಣವೆಂದು ನನ್ನ ಅಭಿಪ್ರಾಯ. ಮೊದಲ ರ‍್ಯಾಪಿಡ್ ಆಟ ಡ್ರಾ ಆದ ಮೇಲೆ, ಎರಡನೆಯದರಲ್ಲಿ ಬಿಳಿ ಕಾಯಿಗಳು ಹಂಪಿಯವರ ಪಾಲಿಗೆ ಬಂದಿದ್ದರೂ, ಸಮಯ ಕರಗುತ್ತಿದ್ದಂತೆ ಅವರ ನಡೆಗಳು ತಪ್ಪಿದವು. ದಿವ್ಯಾ ಕಪ್ಪು ಕಾಯಿಗಳಲ್ಲೇ ಗೆದ್ದು ಒಟ್ಟು 2.5–1.5 ಅಂಕಗಳಿಂದ ಪ್ರಶಸ್ತಿ ಪಡೆದರು.

ಉತ್ತರ: ಒಂದೂ ಗ್ರ್ಯಾಂಡ್‌ಮಾಸ್ಟರ್ ನಾರ್ಮ್ (ಚದುರಂಗದ ಆ ಅತ್ಯುನ್ನತ ಪದವಿಗೆ ಬೇಕಾದ ಅರ್ಹತಾ ಸಾಧನೆ) ಇಲ್ಲದೆ ಬಂದಿದ್ದ 19ರ ದಿವ್ಯಾ, ಈ ಗೆಲುವಿನಿಂದಲೇ ನೇರವಾಗಿ ಭಾರತದ 88ನೆಯ ಗ್ರ್ಯಾಂಡ್‌ಮಾಸ್ಟರ್ ಆದರು. ಹಂಪಿಯವರು ಆ ಪದವಿ ಪಡೆದದ್ದು 2002ರಲ್ಲಿ, ಅಂದರೆ ದಿವ್ಯಾ ಹುಟ್ಟುವ ಮೊದಲೇ!